ಪ್ರತ್ಯಯಗಳ ಬೆನ್ನು ಹತ್ತಿದ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಲೇಖನ ಓದಿದೆ. ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳು ಒಂದು ಕಡೆ, ಐರಿಷ್, ವೆಲ್ಶ್‌ನಂಥ ಕೆಲ್ಟಿಕ್ ಭಾಷೆಗಳು ಇನ್ನೊಂದು ಕಡೆ. ಪದ ಕಟ್ಟುವ ಪ್ರತ್ಯಯಗಳನ್ನೆಲ್ಲ ಕೋಷ್ಟಕ ಮಾಡಿ, ಎದುರಿಗೆ ಅರ್ಥ ಬರೆದಿದ್ದೀಯ. ಶ್ರಮ ಕಾಣುತ್ತದೆ. ಆದರೂ ಕೋಷ್ಟಕ ತೆಗೆದುಬಿಡು. ನಾನೇ ಅರ್ಧಕ್ಕೆ ಬಿಟ್ಟೆ.

ಒಂದು ಪ್ರತ್ಯಯ ಹಿಡಿ. ಅದು ಎಲ್ಲಿಂದ ಬಂತು, ಈಗ ಏನು ಮಾಡುತ್ತಿದೆ, ಅಷ್ಟು ಹೇಳು. ನಿನ್ನ ಪಟ್ಟಿಯಲ್ಲೇ 'ಮೆಂತೆ' ಇದೆ (ದೋಸೆಗೆ ಹಾಕುವ ಮೆಂತೆ ಅಲ್ಲ). ಸ್ಪ್ಯಾನಿಷ್, ಇಟಾಲಿಯನ್ ಎರಡರಲ್ಲೂ 'ಲೆಂತಾಮೆಂತೆ' ಅಂದರೆ ನಿಧಾನವಾಗಿ. ಈ ಮೆಂತೆ ಲ್ಯಾಟಿನ್‌ನಲ್ಲಿ ಬಿಡಿ ಪದ: 'ಮನಸ್ಸಿನಿಂದ' ಎಂದು. ಮನಸ್ಸು ಅಲ್ಲಿ ಸ್ತ್ರೀಲಿಂಗ. ಅದಕ್ಕೇ ಇವತ್ತಿಗೂ ಪುಲ್ಲಿಂಗದ 'ಲೆಂತೊ'ಗೆ ಅಂಟುವುದಿಲ್ಲ, 'ಲೆಂತಾ'ಗೇ ಅಂಟುತ್ತದೆ. ಸ್ಪ್ಯಾನಿಷ್‌ನವರು ಸ್ಪಷ್ಟವಾಗಿ, ನಿಧಾನವಾಗಿ ಎನ್ನಲು 'ಕ್ಲಾರಾ ಇ ಲೆಂತಾಮೆಂತೆ' ಅನ್ನುತ್ತಾರೆ. ಎರಡು ಪದಕ್ಕೂ ಸೇರಿ ಒಂದೇ ಮೆಂತೆ. ಬಿಡಿ ಪದವಾಗಿದ್ದ ಕಾಲದ ಗುರುತು ಹಾಗೇ ಉಳಿದಿದೆ. ನಮ್ಮ 'ನಿಧಾನವಾಗಿ'ಯಲ್ಲಿರುವ 'ಆಗಿ'ಯೂ 'ಆಗು' ಎನ್ನುವ ಕ್ರಿಯಾಪದದ್ದೇ ಅಲ್ವಾ? ಇದನ್ನು ಸೇರಿಸು, ಕನ್ನಡದ ಓದುಗ ತಟ್ಟನೆ ಹಿಡಿಯುತ್ತಾನೆ. ಹಾಗೇ, 'ಲ್ಯಾಟಿನ್ ಮೂಲದ ಎಲ್ಲ ಭಾಷೆಗಳಲ್ಲೂ' ಎಂಬ ಮಾತು ಹೊಡೆದುಹಾಕು. ರೊಮೇನಿಯನ್ನೂ ಲ್ಯಾಟಿನ್ ಮೂಲದ್ದೇ, ಆದರೆ ಅಲ್ಲಿ ಹೆಚ್ಚಾಗಿ ಮೆಂತೆ ಇಲ್ಲದೆ ಗುಣವಾಚಕವೇ ಸುಮ್ನೆ ಹಾಗೇ ಬರುತ್ತದೆ.

ಇನ್ನು 'ಚಿಕ್ಕದು' ಎಂದು ನೀನು ಅರ್ಥ ಬರೆದ ಸಾಲುಗಳು. ಸ್ಪ್ಯಾನಿಷ್‌ನ 'ಬೋಲ್ಸಾ' ಚೀಲ. 'ಬೋಲ್ಸಿಯೊ' ಚಿಕ್ಕ ಚೀಲ ಅಲ್ಲ, ಜೇಬು. ಲ್ಯಾಟಿನ್‌ನ 'ಔರಿಕುಲಾ' ಪುಟ್ಟ ಕಿವಿ. ಅದರಿಂದ ಬಂದ ಸ್ಪ್ಯಾನಿಷ್‌ನ 'ಒರೇಹಾ' ಬರೀ ಕಿವಿ, ಆನೆಯದ್ದಾದರೂ ಅಷ್ಟೇ. ಐರಿಷ್‌ನ 'ಕಲೀನ್' ಅಂದರೆ ಹುಡುಗಿ, ಆದರೆ ವ್ಯಾಕರಣದಲ್ಲಿ ಪುಲ್ಲಿಂಗ! ಕೊನೆಯ 'ಈನ್' ಪ್ರತ್ಯಯದ ಕೆಲಸ ಅದು. ಇಂಥದ್ದನ್ನು ಕೋಷ್ಟಕದ ಒಂದು ಮನೆಯಲ್ಲಿ ಹೂತಿಟ್ಟಿದ್ದೀಯಲ್ಲ, ನನಗೆ ಸಿಟ್ಟೇ ಬಂತು.

ವೆಲ್ಶ್ ಭಾಗಕ್ಕೆ ಜಾಸ್ತಿ ಜಾಗ ಕೊಡು. ನಾವು ಮರಕ್ಕೆ 'ಗಳು' ಸೇರಿಸಿ ಮರಗಳು ಅನ್ನುತ್ತೇವೆ. ಕೆಲವು ಪದಗಳಲ್ಲಿ ಅವರದು ಉಲ್ಟಾ. 'ಕೋಯ್ಡ್' ಅಂದರೆ ಮರಗಳು. ಒಂದೇ ಮರ ಬೇಕಾದರೆ 'ಎನ್' ಸೇರಿಸಿ 'ಕೋಯ್ಡೆನ್' ಎನ್ನಬೇಕು. ಮಕ್ಕಳು 'ಪ್ಲಾಂಟ್', ಒಂದು ಮಗು 'ಪ್ಲೆಂಟಿನ್'. ಹಕ್ಕಿ, ನಕ್ಷತ್ರ, ಎಲೆ, ಎಲ್ಲಕ್ಕೂ ಇದೇ ದಾರಿ. ಗುಂಪಾಗಿ ಕಣ್ಣಿಗೆ ಬೀಳುವ ವಸ್ತುಗಳೇ ಇವು. ಆದರೆ ಇದರಿಂದ 'ವೆಲ್ಶ್ ಜನರ ಮನಸ್ಸೇ ಹಾಗೆ' ಎಂದು ಹಾರಬೇಡ. ಆ ಪ್ಯಾರಾ ಪೂರ್ತಿ ತೆಗಿ.

ಐರಿಷ್‌ನ 'ಲನ್' ನಿನ್ನ ಕರಡಿನಲ್ಲಿ ಕೊನೆಗೆ ಬರುತ್ತದೆ. ಅದನ್ನು ಮೊದಲಿಗೆ ತಾ. 'ಬೀಅ' ಊಟ, 'ಬೀಅಲನ್' ಹೋಟೆಲು. ಅದೇ ಲನ್ ಪುಸ್ತಕಕ್ಕೆ ಸೇರಿದರೆ ಲೈಬ್ರರಿ, ಚಿತ್ರಕ್ಕೆ ಸೇರಿದರೆ ಸಿನಿಮಾ ಥಿಯೇಟರು. ಓದುಗ ಹೋಟೆಲಿನ ಬಾಗಿಲಿಂದ ಒಳಗೆ ಬರಲಿ, ಲ್ಯಾಟಿನ್ ಆಮೇಲೆ ನೋಡೋಣ.

ತಿದ್ದಿ ಕಳಿಸು. ಈ ಸಲ ಕೋಷ್ಟಕ ಕಂಡರೆ ಓದದೆ ವಾಪಸ್ ಕಳಿಸುತ್ತೇನೆ.

ಇಂತಿ,
ನಿನ್ನ ಅಣ್ಣ