ಅಂಗೈಯಲ್ಲಿ ಬರೆದ 9.40

ಇವತ್ತಿಗೆ ಒಂದು ವರ್ಷ. ಕಳೆದ ಜುಲೈನ ಆ ರಾತ್ರಿ ನನಗೆ ಹಾರ್ಟ್ ಅಟ್ಯಾಕ್ ಆಯ್ತು. ಮಡಿಕೇರಿಯ ಡಾಕ್ಟರಿಗೆ, ಮೈಸೂರಿನಲ್ಲಿ ಸ್ಟೆಂಟ್ ಹಾಕಿದವರಿಗೆ, ಆ ಮಳೆಯಲ್ಲಿ ಜೀಪು ಓಡಿಸಿದ ಹುಡುಗನಿಗೆ, ತೋಟ ನೋಡಿಕೊಂಡ ಮೇಲ್ವಿಚಾರಕ ರೈಟರಿಗೆ ಕೈಮುಗಿಯುತ್ತೇನೆ.

ಇನ್ನು ಪಕ್ಕದ ಮನೆಯ ತಂಗಿ. ನಮ್ಮೂರಿನ ಆಶಾ ಕಾರ್ಯಕರ್ತೆ.

ಎದೆ ಹಿಂಡಿದಾಗ ನಾನು ಗ್ಯಾಸ್ ಅಂದೆ, ಶುಂಠಿ ಕಷಾಯ ಕೇಳಿದೆ. ಕರೆಂಟ್ ಇರಲಿಲ್ಲ. ಅವಳು ಟಾರ್ಚ್ ಹಿಡಿದು ಓಡಿ ಬಂದು ಹಣೆ ಮುಟ್ಟಿದಳು. "ಅಣ್ಣಾ, ಈ ಚಳಿಯಲ್ಲಿ ಯಾಕೆ ಬೆವರ್ತಿದ್ದೀರಿ? ದವಡೆ ನೋಯ್ತಿದ್ಯಾ?" ನೋಯುತ್ತಿತ್ತು. ಮತ್ತೆ ನನ್ನನ್ನು ಒಂದು ಹೆಜ್ಜೆ ಇಡಲೂ ಬಿಡಲಿಲ್ಲ. ಕುರ್ಚಿ ಸಮೇತ ಜೀಪಿಗೆ ಎತ್ತಿಸಿದಳು. ನೋವು ಶುರುವಾದದ್ದು ಎಷ್ಟು ಹೊತ್ತಿಗೆ ಅಂತ ಹೆಂಡತಿಯನ್ನು ಕೇಳಿ, ಪೆನ್ನಿನಲ್ಲಿ ಅಂಗೈ ಮೇಲೆ 9.40 ಅಂತ ಬರೆದುಕೊಂಡಳು. ಎರಚಲು ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಆ ಮುಷ್ಟಿ ಬಿಚ್ಚಲಿಲ್ಲ. ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಬಿದ್ದಷ್ಟೂ ಹೃದಯ ಜಾಸ್ತಿ ಉಳಿಯುತ್ತದಂತೆ. ಅವಳು ಅಂಗೈ ತೋರಿಸಿದಳು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಅಷ್ಟೂ ದೂರ ನನಗೆ ಅಪ್ಪನದೇ ನೆನಪು. ಅವರಿಗೂ ಗ್ಯಾಸ್ ಅಂದುಕೊಂಡು ಬೆಳಗಾಗಲಿ ಅಂತ ಕಾದಿದ್ದೆವು. ಬೆಳಗಾಗುವಾಗ ಅಪ್ಪ ಇರಲಿಲ್ಲ. ಅವರಿಗೂ ಹೀಗೇ ನೋಯುತ್ತಿತ್ತಾ? ಇದನ್ನೇ ಕೇಳುತ್ತಾ ಅತ್ತೆ. ಅವಳು ಕೈ ಬಿಡಲಿಲ್ಲ.

ಬಿಪಿ ಮಾತ್ರೆ ನಿಲ್ಲಿಸಬೇಡಿ ಅಂತ ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು. ಮೈಯಲ್ಲಿ ಏನೂ ತೊಂದರೆ ಕಾಣಲಿಲ್ಲ ಅಂತ ನಾನೇ ಬಿಟ್ಟಿದ್ದೆ. ಬಿಪಿ ಏರಿದರೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ, ಅದೇ ಅದರ ಅಪಾಯ. ಈಗ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಸಿಗರೇಟು ಪೂರ್ತಿ ಬಿಟ್ಟೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಒಣಮೀನು, ಉಪ್ಪಿನಕಾಯಿ ಮನೆಗೆ ತರುವುದಿಲ್ಲ. ಪಂದಿ ಕರಿ, ಅಂದರೆ ಹಂದಿ ಮಾಂಸ, ಹುತ್ತರಿ ಹಬ್ಬಕ್ಕೆ ಮಾತ್ರ, ಅದೂ ಎರಡು ತುಂಡು. ದಿನಾ ಅರ್ಧ ಗಂಟೆ ನಡೆಯುತ್ತೇನೆ. ಮಳೆ ಜೋರಾದರೆ ಜಗುಲಿಯಲ್ಲೇ ಆ ತುದಿಯಿಂದ ಈ ತುದಿಗೆ.

ಮೊನ್ನೆ ಬಿಪಿ ನೋಡಲು ಬಂದಾಗ, "ನಿನ್ನದು ಯಾವಾಗ ನೋಡಿಸಿದ್ದೆ?" ಅಂತ ಕೇಳಿದೆ. ಸುಮ್ನೆ ನಕ್ಕಳು. ಅವಳ ಮೆಷಿನ್ನಿನ ಪಟ್ಟಿಯನ್ನು ಅವಳ ತೋಳಿಗೇ ಸುತ್ತಿದೆ. 150/94. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಹಾಗೇ ಇತ್ತು.

ತಂಗಿ, ಸೋಮವಾರ ಬೆಳಿಗ್ಗೆ 8 ಗಂಟೆಗೆ ಜೀಪು ಹೇಳಿದ್ದೇನೆ. ನಾನೇ ಜೊತೆಗೆ ಬರುತ್ತೇನೆ.