ಹದಿಹರೆಯದವರ ಕಾದಂಬರಿ ಆಯ್ಕೆ: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಗುಂಪಿಗೆ ಮುಂದಿನ ತಿಂಗಳ ಪುಸ್ತಕ ಸೂಚಿಸುವವರು ದಯವಿಟ್ಟು ಮೊದಲ 30 ಪುಟವನ್ನಾದರೂ ಓದಿ ಸೂಚಿಸಿ. ಬರೀ ಮುಖಪುಟ, ಬಹುಮಾನದ ಮುದ್ರೆ ನೋಡಿ ಬೇಡ.

ಹದಿಹರೆಯದವರ ಕಾದಂಬರಿಗಳನ್ನು ಸಾಮಾನ್ಯವಾಗಿ 12ರಿಂದ 18 ವರ್ಷದವರಿಗೆ ಅನ್ನುತ್ತಾರೆ. ಆದರೆ 12ಕ್ಕೂ 17ಕ್ಕೂ ಅಜಗಜಾಂತರ. ಮಕ್ಕಳಿಗೆ ತಮಗಿಂತ ಒಂದೆರಡು ವರ್ಷ ದೊಡ್ಡ ಪಾತ್ರಗಳೇ ಹೆಚ್ಚು ಹಿಡಿಸುತ್ತವೆ, ಅದನ್ನು ನೋಡಿಕೊಳ್ಳಿ.

ನನ್ನ ಮಗ ಕಳೆದ ಸಲದ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಟ್ಟ. ಯಾಕೋ ಅಂದರೆ, "ಹುಡುಗ ಮಾತಾಡೋದೇ ಇಲ್ಲಮ್ಮ, ಅವನ ಬಾಯಲ್ಲಿ ಮೇಷ್ಟ್ರು ಮಾತಾಡ್ತಾರೆ" ಅಂದ. ಅವನ ಮಾತು ನೂರಕ್ಕೆ ನೂರು ಸರಿ. ಆಯ್ಕೆ ಮಾಡುವಾಗ ಒಂದು ಸಂಭಾಷಣೆಯನ್ನು ಜೋರಾಗಿ ಓದಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

ಸಾವು, ಪ್ರೀತಿ, ಮನೆಯ ಜಗಳ ಬಂತೆಂದು ಪುಸ್ತಕ ತಳ್ಳಿಹಾಕಬೇಡಿ. ಮಕ್ಕಳು ಅವನ್ನೆಲ್ಲ ಆಗಲೇ ಕಂಡಿರುತ್ತಾರೆ, ಮಾತಾಡಲು ದಾರಿ ಬೇಕಿರುತ್ತದೆ. ಆತ್ಮಹತ್ಯೆಯ ವಿಧಾನ ವಿವರಿಸುವ, ಅದನ್ನೇ ಪರಿಹಾರವೆಂಬಂತೆ ತೋರಿಸುವ ಪುಸ್ತಕ ಮಾತ್ರ ಖಂಡಿತ ಬೇಡ.

ಚಿತ್ರಕಾದಂಬರಿಯೂ ಆಗುತ್ತದೆ, ಅದೂ ಓದೇ. ಭಾನುವಾರದೊಳಗೆ ಹೆಸರು, ಪುಟಸಂಖ್ಯೆ, ನಿಮಗೆ ಯಾಕೆ ಇಷ್ಟವಾಯಿತು ಅನ್ನುವ ಒಂದು ಸಾಲು ಹಾಕಿ. ಕೊನೆ ಏನಾಯಿತೆಂದು ಬಿಚ್ಚಿಡಬೇಡಿ, ಗುಂಪಿನಲ್ಲಿ ಮಕ್ಕಳೂ ಇದ್ದಾರೆ.