ರೂನ್ ಬಿಲ್ಲೆಗಳ ಅರ್ಥದ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ಸ್ಟಾಕ್‌ಹೋಮಿನಿಂದ ನೀನು ಬರೆದ ಪತ್ರ ತಲುಪಿತು. ಅಲ್ಲಿನ ಸಂತೆಯಲ್ಲಿ ಕೊಂಡ ಚೀಲದಿಂದ ಬೆಳಿಗ್ಗೆ ಒಂದೊಂದು ರೂನ್ (ಉತ್ತರ ಯೂರೋಪಿನ ಹಳೆಯ ಲಿಪಿಯ ಅಕ್ಷರ) ಬಿಲ್ಲೆಯನ್ನು ತೆಗೆದು, ಜೊತೆಗೆ ಬಂದ ಕಿರುಹೊತ್ತಗೆಯಲ್ಲಿ ಅದರ ಅರ್ಥ ನೋಡುತ್ತಿರುವುದಾಗಿಯೂ, ಮೂರು ಕವಲಿನ ‘ಅಲ್ಗಿಜ್’ ರಕ್ಷಣೆಯ ಚಿಹ್ನೆಯೆಂದು ತಿಳಿದು ಅದನ್ನು ಮುಂಗೈಗೆ ಹಚ್ಚೆ ಹಾಕಿಸಿಕೊಳ್ಳಬೇಕೆಂದಿರುವುದಾಗಿಯೂ ತಿಳಿಸಿದ್ದೀಯ. ಈ ಅರ್ಥಗಳೆಲ್ಲ ವೈಕಿಂಗರ, ಅಂದರೆ ಸುಮಾರು ಎಂಟರಿಂದ ಹನ್ನೊಂದನೆಯ ಶತಮಾನದ ಉತ್ತರ ಯೂರೋಪಿನ ಕಡಲಿಗರ, ಕಾಲದಿಂದ ಬಂದವೇ ಎಂಬ ನಿನ್ನ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಚಿಹ್ನೆಗಳು ವೈಕಿಂಗರಿಗಿಂತಲೂ ಹಳೆಯವು. ಅವುಗಳ ಹೆಸರಿನ ಸುತ್ತ ಉಳಿದಿರುವ ಪದ್ಯಗಳು ಮಧ್ಯಯುಗದವು. ಚೀಲಕ್ಕೆ ಕೈಹಾಕಿ ಒಂದನ್ನು ತೆಗೆದು ಅದರಲ್ಲಿ ತನ್ನ ಮನಸ್ಸಿನ ಸ್ಥಿತಿಯನ್ನು ಓದಿಕೊಳ್ಳುವ ಕ್ರಮವಂತೂ ಬಹುಪಾಲು ನಮ್ಮ ಹಿಂದಿನ ತಲೆಮಾರಿನದು.

ರೂನ್‌ಗಳು ಎಲ್ಲಕ್ಕಿಂತ ಮೊದಲು ಅಕ್ಷರಗಳು. ಡೆನ್ಮಾರ್ಕಿನ ವಿಮೋಸೆಯ ಜೌಗು ನೆಲದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 160ರ ಬಾಚಣಿಗೆಯೊಂದರ ಮೇಲೆ ‘ಹರ್ಯ’ ಎಂಬ ಒಂದೇ ಪದವಿದೆ. ಅದು ಬಹುಶಃ ಬಾಚಣಿಗೆಯ ಒಡೆಯನ ಹೆಸರು. 24 ರೂನ್‌ಗಳ ಸಾಲನ್ನು ಕ್ರಮವಾಗಿ ಕೆತ್ತಿರುವ ಅತ್ಯಂತ ಹಳೆಯ ಕಲ್ಲು ಗೋಟ್ಲಂಡ್ ದ್ವೀಪದ ಕಿಲ್ವರ್‌ನ ಒಂದು ಸಮಾಧಿಯಲ್ಲಿ ದೊರೆಯಿತು; ಸುಮಾರು 400ರ ಕಾಲದ್ದೆಂದು ಎಣಿಸಲಾಗುವ ಆ ಕಲ್ಲನ್ನು ನೀನಿರುವ ಊರಿನ ಇತಿಹಾಸ ವಸ್ತುಸಂಗ್ರಹಾಲಯದಲ್ಲಿಯೇ ಇಟ್ಟಿದ್ದಾರೆ. ವೈಕಿಂಗರ ಕಾಲಕ್ಕೆ ಈ 24 ಅಕ್ಷರಗಳು ಕುಗ್ಗಿ 16 ಆಗಿದ್ದವು. ಆದ್ದರಿಂದ ನಿನ್ನ ಚೀಲದಲ್ಲಿರುವ ಸಾಲು ವೈಕಿಂಗರು ದಿನಬಳಕೆಯಲ್ಲಿ ಕೆತ್ತುತ್ತಿದ್ದ ಸಾಲಲ್ಲ. ಇನ್ನು ದಿನಬಳಕೆ ಎಂದರೆ ಎಷ್ಟು ಸಾಮಾನ್ಯವಾದದ್ದು ಎಂಬುದಕ್ಕೆ ನಾರ್ವೆಯ ಬೆರ್ಗೆನ್ ನಗರವೇ ಸಾಕ್ಷಿ. 1955ರ ಬೆಂಕಿ ಅನಾಹುತದ ಬಳಿಕ ಅಲ್ಲಿನ ಹಳೆಯ ಬಂದರು ಕೇರಿಯನ್ನು ಅಗೆದಾಗ ಮಧ್ಯಯುಗದ ನೂರಾರು ರೂನ್ ಬರಹಗಳು ಹೊರಬಂದವು. ಅವುಗಳಲ್ಲಿ ಸರಕಿನ ಮೂಟೆಗೆ ಕಟ್ಟಿದ ಹೆಸರಿನ ಚೀಟಿಗಳಿವೆ, ಪ್ರಾರ್ಥನೆಗಳಿವೆ, ‘ನೀನು ಮನೆಗೆ ಹೋಗಬೇಕೆಂದು ಗೀಡಾ ಹೇಳುತ್ತಾಳೆ’ ಎಂಬ ಬುಲಾವೂ ಇದೆ. ಅದನ್ನು ಓದಿಕೊಂಡವನು ಎದ್ದು ಹೋದನೋ ಇಲ್ಲವೋ!

ಹಾಗೆಂದು ರೂನ್‌ಗಳಿಗೆ ಮಂತ್ರದ ಮುಖವೇ ಇರಲಿಲ್ಲವೆಂದು ತಿಳಿಯಬೇಡ. ‘ಹಾವಮಾಲ್’ ಎಂಬ, ಸ್ಕ್ಯಾಂಡಿನೇವಿಯದ ಪ್ರಾಚೀನ ನಾರ್ಸ್ ಭಾಷೆಯ ಕಾವ್ಯದಲ್ಲಿ ಓಡಿನ್ ದೇವನು ಗಾಳಿಗೆ ಹೊಯ್ದಾಡುವ ಮರದಲ್ಲಿ, ಈಟಿಯಿಂದ ಗಾಯಗೊಂಡು, ತನ್ನನ್ನು ತನಗೇ ಅರ್ಪಿಸಿಕೊಂಡು, ಅನ್ನಪಾನವಿಲ್ಲದೆ ಒಂಬತ್ತು ರಾತ್ರಿ ತೂಗಿದ ನಂತರ ಕೆಳಗೆ ಬಗ್ಗಿ ನೋಡಿ, ಚೀರುತ್ತ ರೂನ್‌ಗಳನ್ನು ಎತ್ತಿಕೊಳ್ಳುತ್ತಾನೆ. ಸುಮಾರು 1270ರ ಐಸ್‌ಲ್ಯಾಂಡಿನ ಒಂದು ಹಸ್ತಪ್ರತಿಯಲ್ಲಿ ಈ ಕಾವ್ಯ ಉಳಿದುಬಂದಿದೆ. ಅದೇ ಹಸ್ತಪ್ರತಿಯ ಮತ್ತೊಂದು ಕಾವ್ಯವು ಗೆಲುವು ಬೇಕಾದವನು ಕತ್ತಿಯ ಮೇಲೆ ರೂನ್ ಕೆತ್ತಿ ಟೀರ್ ದೇವನ ಹೆಸರನ್ನು ಎರಡು ಬಾರಿ ಹೇಳಬೇಕೆಂದು ವಿಧಿಸುತ್ತದೆ. ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಯಾದ ಎಗಿಲ್‌ನ ಸಾಗಾದಲ್ಲಿ ಕಾಯಿಲೆಯಿಂದ ಮಲಗಿದ ಹುಡುಗಿಯೊಬ್ಬಳ ಹಾಸಿಗೆಯಡಿ ರೂನ್ ಕೆತ್ತಿದ ತಿಮಿಂಗಿಲದ ಎಲುಬು ಸಿಗುತ್ತದೆ. ಯಾರೋ ಅರೆತಿಳಿದವನು ತಪ್ಪಾಗಿ ಕೆತ್ತಿದ್ದ ಆ ಅಕ್ಷರಗಳನ್ನು ಎಗಿಲ್ ಹೆರೆದು ಬೆಂಕಿಗೆ ಹಾಕಿ, ಬೇರೆ ರೂನ್ ಕೆತ್ತಿ ದಿಂಬಿನ ಕೆಳಗೆ ಇರಿಸಿದ ಮೇಲೆ ಅವಳು ಚೇತರಿಸಿಕೊಳ್ಳುತ್ತಾಳೆ. ಇವೆಲ್ಲವೂ ಕೆತ್ತಿ ಫಲ ಪಡೆಯುವ ಕ್ರಿಯೆಗಳೇ ಹೊರತು ಭವಿಷ್ಯ ನೋಡುವ ಕ್ರಿಯೆಗಳಲ್ಲ ಎಂಬುದನ್ನು ಗಮನಿಸು.

ಭವಿಷ್ಯ ಕೇಳುವುದಕ್ಕೆ ಅತ್ಯಂತ ಹಳೆಯ ಆಧಾರವೆಂದು ಎಲ್ಲರೂ ತೋರಿಸುವುದು ರೋಮನ್ ಇತಿಹಾಸಕಾರ ಟಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮಾನಿಕ್ ಜನರ ಬಗ್ಗೆ ಬರೆದ ಮಾತುಗಳನ್ನು. ಕಾಯಿ ಬಿಡುವ ಮರದ ಕೊಂಬೆಯನ್ನು ತುಂಡರಿಸಿ, ತುಂಡುಗಳಿಗೆ ಗುರುತು ಹಾಕಿ, ಬಿಳಿಯ ಬಟ್ಟೆಯ ಮೇಲೆ ಚೆಲ್ಲಿ, ಊರಿನ ವಿಷಯವಾದರೆ ಪುರೋಹಿತನೂ ಮನೆಯ ವಿಷಯವಾದರೆ ಯಜಮಾನನೂ ಆಕಾಶವನ್ನು ನೋಡುತ್ತ ಮೂರು ತುಂಡುಗಳನ್ನು ಒಂದೊಂದಾಗಿ ಎತ್ತಿ ಅರ್ಥ ಹೇಳುತ್ತಿದ್ದನಂತೆ. ಆ ಗುರುತುಗಳು ರೂನ್‌ಗಳೆಂದು ಟಾಸಿಟಸ್ ಎಲ್ಲಿಯೂ ಹೇಳಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಸಾಲು: ಉತ್ತರ ಬೇಡವೆಂದು ಬಂದರೆ ಆ ದಿನ ಅದೇ ವಿಷಯವನ್ನು ಮತ್ತೆ ಕೇಳುವಂತಿಲ್ಲ, ಸರಿಯೆಂದು ಬಂದರೂ ಹಕ್ಕಿಗಳೇ ಮೊದಲಾದ ಶಕುನಗಳಿಂದ ಅದು ಗಟ್ಟಿಯಾಗಬೇಕು. ನಮ್ಮ ಮಲೆನಾಡಿನ ಗುಡಿಗಳಲ್ಲಿ ಪ್ರಸಾದ ಕೇಳುವಾಗ ಹೂವು ಬಲಕ್ಕೆ ಬಿದ್ದಿತೋ ಎಡಕ್ಕೋ ಎಂದು ಕಾಯುತ್ತಾರಲ್ಲ, ಪ್ರಶ್ನೆಯ ಜಾತಿ ಅದೇ. ಒಂಬತ್ತನೆಯ ಶತಮಾನದಲ್ಲಿ ರಿಂಬರ್ಟ್ ಬರೆದ ಅನ್ಸ್‌ಗಾರ್ ಎಂಬ ಕ್ರೈಸ್ತ ಧರ್ಮಪ್ರಚಾರಕನ ಚರಿತ್ರೆಯಲ್ಲಿಯೂ ಸ್ವೀಡನ್ನಿನ ಬಿರ್ಕಾ ಪಟ್ಟಣದ ಜನರು ಹೊಸ ಧರ್ಮದ ಬೋಧನೆಗೆ ಅವಕಾಶ ಕೊಡಬೇಕೇ ಬೇಡವೇ ಎಂದು ಚೀಟಿ ಎತ್ತಿ ದೇವರನ್ನು ಕೇಳುತ್ತಾರೆ. ಮಾಡಬೇಕೇ, ಬಿಡಬೇಕೇ ಎಂಬುದೇ ಅಂದಿನವರ ಪ್ರಶ್ನೆ. ‘ನನ್ನ ಒಳಗಿನ ಪಯಣ ಯಾವ ಹಂತದಲ್ಲಿದೆ’ ಎಂದು ಕೇಳಿದ ದಾಖಲೆಯನ್ನು ನಾನು ಎಲ್ಲಿಯೂ ಓದಿಲ್ಲ.

ಹಾಗಾದರೆ ನಿನ್ನ ಹೊತ್ತಗೆಯ ಅರ್ಥಗಳು ಎಲ್ಲಿಂದ ಬಂದವು? ಅವುಗಳ ಬೇರು ಒಂದೊಂದು ರೂನಿನ ಹೆಸರನ್ನೂ ಕೆಲವೇ ಸಾಲುಗಳಲ್ಲಿ ವಿವರಿಸುವ ಮೂರು ರೂನ್ ಪದ್ಯಗಳಲ್ಲಿದೆ. ಒಂದು ಹಳೆಯ ಇಂಗ್ಲಿಷಿನದು, ಒಂದು ನಾರ್ವೆಯದು, ಒಂದು ಐಸ್‌ಲ್ಯಾಂಡಿನದು. ಇಂಗ್ಲಿಷ್ ಪದ್ಯದ ಹಸ್ತಪ್ರತಿ 1731ರ ಬೆಂಕಿಯಲ್ಲಿ ನಾಶವಾಯಿತು. ಜಾರ್ಜ್ ಹಿಕ್ಸ್ ಎಂಬ ವಿದ್ವಾಂಸರು 1705ರಲ್ಲಿಯೇ ಅದನ್ನು ಅಚ್ಚು ಹಾಕಿಸಿದ್ದರಿಂದ ಪದ್ಯ ಮಾತ್ರ ಉಳಿಯಿತು. ಫೆಹು, ಹಗಲಾಜ್ ಮುಂತಾದ ಹಳೆಯ ರೂಪದ ರೂನ್ ಹೆಸರುಗಳು ಯಾವ ಕಲ್ಲಿನ ಮೇಲೂ ಪಟ್ಟಿಯಾಗಿ ಸಿಕ್ಕಿದವಲ್ಲ; ಇಂಥ ನಂತರದ ಆಕರಗಳಿಂದ ಭಾಷಾವಿಜ್ಞಾನಿಗಳು ಹಿಂದಕ್ಕೆ ಲೆಕ್ಕ ಹಾಕಿ ಕಟ್ಟಿಕೊಂಡವು.

ಈ ಪದ್ಯಗಳನ್ನು ನೀನು ಓದಲೇಬೇಕು, ಶ್ರೀಧರ. ಅವು ಚಳಿಯಲ್ಲಿ ಬದುಕಿದವರ ಮಾತುಗಳು. ಸಂಪತ್ತಿನ ರೂನ್ ಫೆಹು ಬಂದರೆ ಧನಲಾಭವೆಂದು ನಿನ್ನ ಹೊತ್ತಗೆ ಹೇಳುತ್ತಿರಬಹುದು. ನಾರ್ವೆಯ ಪದ್ಯ ಹೇಳುವುದು ಸಂಪತ್ತು ದಾಯಾದಿಗಳಲ್ಲಿ ಜಗಳ ಹಚ್ಚುತ್ತದೆ, ತೋಳ ಕಾಡಿನಲ್ಲಿ ಬೆಳೆಯುತ್ತದೆ ಎಂದು. ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನಡುವಿನ ನಂಟನ್ನು ಓದುವವನಿಗೇ ಬಿಡುವುದು ಆ ಪದ್ಯದ ರೀತಿ. ಇಂಗ್ಲಿಷ್ ಪದ್ಯವು ಸಂಪತ್ತು ಎಲ್ಲರಿಗೂ ನೆಮ್ಮದಿ, ಆದರೆ ಅದನ್ನು ಧಾರಾಳವಾಗಿ ಹಂಚಬೇಕು ಎನ್ನುತ್ತದೆ. ಮಂಜುಗಡ್ಡೆಯ ರೂನನ್ನು ಇಂದಿನ ಪುಸ್ತಕಗಳು ‘ತಡೆ, ಸ್ತಬ್ಧತೆ’ ಎಂದು ಮುಗಿಸಿಬಿಡುತ್ತವೆ. ಐಸ್‌ಲ್ಯಾಂಡಿನ ಕವಿಗೆ ಅದು ನದಿಯ ತೊಗಟೆ, ಅಲೆಯ ಮಾಡು, ಸಾವು ಹತ್ತಿರವಾದವರಿಗೆ ಅಪಾಯ. ನಾರ್ವೆಯ ಕವಿಗೆ ಅದು ಅಗಲವಾದ ಸೇತುವೆ, ಕುರುಡನನ್ನು ಕೈಹಿಡಿದು ದಾಟಿಸಬೇಕು. ಕೊರತೆಯ ರೂನಿನ ಬಗ್ಗೆ ಇಂಗ್ಲಿಷ್ ಪದ್ಯವು ಅದು ಎದೆಯನ್ನು ಹಿಂಡುತ್ತದೆ, ಆದರೆ ಸಕಾಲದಲ್ಲಿ ಕಿವಿಗೊಟ್ಟವರಿಗೆ ನೆರವೂ ಆಗುತ್ತದೆ ಎಂದರೆ, ನಾರ್ವೆಯ ಪದ್ಯ ಬತ್ತಲೆಯಾದವನು ಹಿಮದಲ್ಲಿ ಮರಗಟ್ಟುತ್ತಾನೆ ಎಂದು ಹೇಳಿ ಸುಮ್ಮನಾಗುತ್ತದೆ. ಎರಡನೆಯ ರೂನಿನ ಕಥೆ ಇನ್ನೂ ವಿಚಿತ್ರ: ಇಂಗ್ಲಿಷಿನಲ್ಲಿ ಅದು ಕಾಡುಗೂಳಿ, ನಾರ್ವೆಯಲ್ಲಿ ಕೆಟ್ಟ ಕಬ್ಬಿಣದಿಂದ ಬರುವ ಕಿಟ್ಟ, ಐಸ್‌ಲ್ಯಾಂಡಿನಲ್ಲಿ ಹುಲ್ಲಿನ ಸುಗ್ಗಿಯನ್ನು ಕೆಡಿಸುವ ಮಳೆ, ಅಂದರೆ ಮೋಡಗಳ ಅಳು. ನಿನ್ನ ಹೊತ್ತಗೆ ಇವುಗಳಲ್ಲಿ ಗೂಳಿಯನ್ನು ಮಾತ್ರ ಆರಿಸಿ ‘ಬಲ’ ಎಂದು ಬರೆದಿರುತ್ತದೆ. ಹೀಗೆ ಆರಿಸಿಕೊಳ್ಳುವ ಹಕ್ಕು ಬರೆದವನಿಗಿದ್ದರೆ ನಿನಗೂ ಇದೆ ಎಂಬುದು ನನ್ನ ನಿಲುವು. ಆದ್ದರಿಂದ ಬೆಳಗಿನ ನಿನ್ನ ಅಭ್ಯಾಸವನ್ನು ಬಿಡೆಂದು ಹೇಳಲಾರೆ, ಹೊತ್ತಗೆಯ ಬದಲು ಪದ್ಯಗಳನ್ನು ಪಕ್ಕದಲ್ಲಿಟ್ಟುಕೋ ಎಂದು ಮಾತ್ರ ಹೇಳುವೆ.

ಚೀಲದಲ್ಲಿರುವ, ಯಾವ ಅಕ್ಷರವೂ ಇಲ್ಲದ ಖಾಲಿ ಬಿಲ್ಲೆಯ ಬಗ್ಗೆ ನೀನು ಕೇಳಿದ್ದೆ. ಅದಕ್ಕೆ ಪ್ರಾಚೀನ ಆಧಾರವಿಲ್ಲ. ಅದನ್ನು ಜನಪ್ರಿಯಗೊಳಿಸಿದವರು 1982ರಲ್ಲಿ ಪುಸ್ತಕ ಮತ್ತು ಬಿಲ್ಲೆಗಳ ಚೀಲವನ್ನು ಒಟ್ಟಿಗೆ ಮಾರುಕಟ್ಟೆಗೆ ತಂದ ಅಮೆರಿಕದ ರಾಲ್ಫ್ ಬ್ಲಮ್. ಅವರು ರೂನ್‌ಗಳ ಸಾಂಪ್ರದಾಯಿಕ ಕ್ರಮವನ್ನೂ ಬದಲಿಸಿದರು, ಅರ್ಥ ಹೇಳುವ ಧಾಟಿಯಲ್ಲಿ ಭವಿಷ್ಯ ಕೇಳಲು ಬಳಸುವ ಚೀನಾದ ಪ್ರಾಚೀನ ಗ್ರಂಥ ‘ಈ ಚಿಂಗ್’ಗೆ ಋಣಿಯಾಗಿದ್ದರು. ಬಿಲ್ಲೆ ತಲೆಕೆಳಗಾಗಿ ಬಂದರೆ ಅರ್ಥವೂ ತಿರುಗುತ್ತದೆಂಬ ನಿಯಮವೂ ಇತ್ತೀಚಿನದೇ.

ಹಚ್ಚೆಯ ವಿಷಯದಲ್ಲಿ ಮಾತ್ರ ನನಗೆ ನಿಜವಾದ ಆತಂಕವಿದೆ. ನೀನು ಹೇಳುವ ಅಲ್ಗಿಜ್ ಕುರಿತು ಇಂಗ್ಲಿಷ್ ಪದ್ಯದಲ್ಲಿ ಇರುವುದು ಜೌಗಿನ ನೀರಿನಲ್ಲಿ ಬೆಳೆದು, ಹಿಡಿಯಲು ಬಂದವನ ಕೈಯನ್ನು ಸೀಳಿ ರಕ್ತ ಹರಿಸುವ ಒಂದು ಹುಲ್ಲು. ರಕ್ಷಣೆ ಎಂಬ ಅರ್ಥವನ್ನು ಅದರಿಂದ ಎಳೆದು ತೆಗೆಯಬಹುದು, ತಪ್ಪೇನಿಲ್ಲ. ಆದರೆ ಅದೇ ಆಕಾರ ವೈಕಿಂಗರ 16ರ ಸಾಲಿನಲ್ಲಿ ‘ಮನುಷ್ಯ’ ಎಂಬ ರೂನ್. ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ 1902ರಲ್ಲಿ ಕೆಲಕಾಲ ದೃಷ್ಟಿ ಕಳೆದುಕೊಂಡಿದ್ದಾಗ ರೂನ್‌ಗಳ ರಹಸ್ಯ ತನಗೆ ಹೊಳೆಯಿತೆಂದು ಹೇಳಿಕೊಂಡ ವಿಯೆನ್ನಾದ ಗೀಡೋ ಫಾನ್ ಲಿಸ್ಟ್ ತನ್ನದೇ 18 ರೂನ್‌ಗಳ ಪಟ್ಟಿಯನ್ನು ಕಟ್ಟಿದ. ಆ ಪರಂಪರೆಯಲ್ಲಿ ಈ ಆಕಾರ ‘ಜೀವ ರೂನ್’ ಎನಿಸಿಕೊಂಡಿತು, ತಲೆಕೆಳಗಾದರೆ ‘ಮರಣ ರೂನ್’ ಆಯಿತು. ಮುಂದೆ ನಾಜಿ ಜರ್ಮನಿಯ ಎಸ್‌ಎಸ್ ಪಡೆಯವರ ಗೋರಿಗಳ ಮೇಲೆ ಈ ಎರಡೂ ಬಂದವು. ಇಂದಿಗೂ ನವನಾಜಿ ಗುಂಪುಗಳು ಇದನ್ನೂ, ಟೀರ್ ಮತ್ತು ಒಥಲ ರೂನ್‌ಗಳನ್ನೂ ಬಳಸುತ್ತವೆ. ಇವುಗಳನ್ನು ಭಕ್ತಿಯಿಂದ ಧರಿಸುವ ಹಳೆಯ ದೇವತೆಗಳ ಆರಾಧಕರೂ ಉತ್ತರದಲ್ಲಿದ್ದಾರೆ, ಮತ್ತು ಈ ಗುಂಪುಗಳ ಕಳ್ಳತನ ಅವರಿಗೆ ತೀರ ನೋವಿನ ಸಂಗತಿ. ಆದರೆ ನಿನ್ನ ಕೈಯನ್ನು ರೈಲಿನಲ್ಲಿ ನೋಡುವ ಅಪರಿಚಿತನಿಗೆ ನೀನು ಯಾರ ಪೈಕಿ ಎಂದು ತಿಳಿಯುವ ದಾರಿಯಿಲ್ಲ. ಚರ್ಮದ ಮೇಲೆ ಒಂದು ಚಿಹ್ನೆ ಇರಲೇಬೇಕೆಂದಿದ್ದರೆ ಸುಗ್ಗಿಯ ವರ್ಷದ ರೂನ್ ಆದ ಜೇರಾವನ್ನು ನೋಡು. ಐಸ್‌ಲ್ಯಾಂಡಿನ ಪದ್ಯದಲ್ಲಿ ಅದರ ಅರ್ಥ ಒಳ್ಳೆಯ ಬೇಸಿಗೆ ಮತ್ತು ತುಂಬಿ ಬೆಳೆದ ಹೊಲ. ಹಚ್ಚೆಯವನ ಬಳಿ ಹೋಗುವ ಮುನ್ನ ಚಿತ್ರದ ಒಂದು ಪ್ರತಿಯನ್ನು ನನಗೆ ಕಳುಹಿಸು, 24ರ ಸಾಲಿನ ರೂಪವೇ ಹೌದೋ ಎಂದು ನೋಡಿ ತಿಳಿಸುತ್ತೇನೆ.

ನಿನ್ನ ಗೆಳೆಯ,
ಗೋಪಾಲ